ಚಾದರದ ಇನ್ನೊಂದು ತುದಿ

ಅಕ್ಕನಿಗೆ ಜಪಾನಿನ ಕೆಲಸದ ಪತ್ರ ಬಂದ ದಿನ ಮನೆಯಲ್ಲಿ ಇದ್ದದ್ದು ಮೂರೇ ಮೊಟ್ಟೆ. ತಿನ್ನುವವರು ನಾಲ್ಕು ಜನ. ಅಮ್ಮ ಅಕ್ಕನ ತಟ್ಟೆಗೆ ಇಡೀದೊಂದು ಹಾಕಿದಳು, ಅಪ್ಪನ ತಟ್ಟೆಗೆ ಇಡೀದೊಂದು. ಮೂರನೆಯದನ್ನು ಹೊಲಿಗೆಯ ದಾರದಿಂದ ಸೀಳಿ ತನಗೊಂದು ಹೋಳು, ಸಣ್ಣವನಿಗೊಂದು ಹೋಳು. ಸಣ್ಣವ ಅಂದರೆ ಇಪ್ಪತ್ತೆರಡು ವರ್ಷದವನು. ಹೋಟೆಲೊಂದರ ಲಾಂಡ್ರಿಯಲ್ಲಿ ದಿನಕ್ಕೆ ನಾನೂರು ಚಾದರಗಳನ್ನು ಇಸ್ತ್ರಿ ಯಂತ್ರದ ಬಿಸಿ ಉರುಳೆಯ ಬಾಯಿಗೆ ಕೊಟ್ಟು ಮೊಣಕೈವರೆಗೆ ಸುಟ್ಟ ಗುರುತು ಹೊತ್ತವನು. ಆದರೂ ಮನೆಯಲ್ಲಿ ಅವನು ಸಣ್ಣವನೇ.

"ಹದಿನಾಲ್ಕು ಪುಟ ಇದೆ," ಅಂದಳು ಅಕ್ಕ. ಜೆರಾಕ್ಸ್ ಅಂಗಡಿಯಲ್ಲಿ ತೆಗೆಸಿಕೊಂಡು ಬಂದ ಕರಾರುಪತ್ರವನ್ನು ತಟ್ಟೆಯ ಪಕ್ಕದಲ್ಲೇ ಇಟ್ಟುಕೊಂಡಿದ್ದಳು. "ಇಂಗ್ಲಿಷ್ ಕಲಿಸೋ ಕಂಪನಿ. ಊರೂರಿಗೆ ಶಾಖೆ ಇದೆಯಂತೆ. ಮಕ್ಕಳಿಂದ ಹಿಡಿದು ಮುದುಕರವರೆಗೂ ಬರ್ತಾರಂತೆ. ಎರಡು ವರ್ಷ. ಬರೋ ತಿಂಗಳ ಎರಡನೇ ಶುಕ್ರವಾರದೊಳಗೆ ಸಹಿ ಹಾಕಿ ಕಳಿಸ್ಬೇಕು."

"ಸಂಬಳ ಓದು," ಅಂದ ಅಪ್ಪ.

ಓದಿದಳು.

"ಇನ್ನೊಂದ್ಸಲ ಓದು."

ಅಪ್ಪ ಗಾಲಿಕುರ್ಚಿಯಲ್ಲಿ ಕೂತಿದ್ದ. ಮೊದಲು ಎತ್ತರದ ಕಟ್ಟಡಗಳಿಗೆ ಬಣ್ಣ ಹೊಡೆಯುತ್ತಿದ್ದವನು. ಏಳು ವರ್ಷದ ಹಿಂದೆ ಮೂರನೇ ಮಹಡಿಯ ಅಟ್ಟಣಿಗೆಯಿಂದ ಕೆಳಗೆ ಬಂದ. ಸೊಂಟದಿಂದ ಕೆಳಗಿನದೆಲ್ಲ ಅಲ್ಲೇ ಉಳಿಯಿತು. ಆಗ ಅಕ್ಕ ಕಾಲೇಜಿನ ಎರಡನೇ ವರ್ಷ, ಸಣ್ಣವ ಒಂಬತ್ತನೇ ಕ್ಲಾಸು. ಇಬ್ಬರಲ್ಲಿ ಒಬ್ಬರು ದುಡಿಯಬೇಕಿತ್ತು. ಶಾಲೆ ಬಿಡು ಅಂತ ಸಣ್ಣವನಿಗೆ ಯಾರೂ ಹೇಳಲಿಲ್ಲ. ಅವನು ಚೀಲ ಮೊಳೆಗೆ ನೇತುಹಾಕಿ ಲಾಂಡ್ರಿಗೆ ಹೊರಟಾಗ ಬಾಗಿಲಿಗೆ ಅಡ್ಡ ನಿಂತವರೂ ಇಲ್ಲ. ಅಕ್ಕ ಒಬ್ಬಳು ನಾಲ್ಕು ದಿನ ಕೂಗಾಡಿದಳು, ಆಮೇಲೆ ಅವಳಿಗೆ ಪರೀಕ್ಷೆ ಬಂತು.

"ಇದೇನಿದು, ಪಾಠ ಮಾಡೋವಾಗ ಸದಾ ನಗುಮುಖದಲ್ಲಿ ಇರತಕ್ಕದ್ದು?" ಅಕ್ಕ ಆರನೇ ಪುಟಕ್ಕೆ ಬೆರಳಿಟ್ಟಳು.

"ನಗೋಕೂ ಕರಾರಾ?" ಅಂದಳು ಅಮ್ಮ.

"ನಮ್ಮನೇಲಿ ಕರಾರಿಲ್ದೇನೇ ನಗಬಹುದು, ಆದ್ರೂ ನಗಲ್ಲ ಇವಳು. ಅಲ್ಲಿ ಮೊದಲನೇ ವಾರಾನೇ ಕೆಲಸ ಹೋಗುತ್ತೆ," ಅಂದ ಸಣ್ಣವ.

ಅಪ್ಪ ನಕ್ಕ. ಅಕ್ಕನೂ ನಕ್ಕಳು. ಅಮ್ಮ ಮಾತ್ರ ಎದ್ದು ಪಾತ್ರೆ ಎತ್ತಿಕೊಂಡು ಹೋದಳು. ಆ ಮನೆಯಲ್ಲಿ ಅಮ್ಮನ ಮಾತು ಬಾಯಲ್ಲಿ ಕಡಿಮೆ, ಪಾತ್ರೆಯಲ್ಲಿ ಜಾಸ್ತಿ. ಅಂದು ತೊಳೆದ ಸದ್ದು ಕೆಳಗಿನ ಮಹಡಿಗೂ ಕೇಳಿಸಿರಬೇಕು.

ಊಟದ ಮೇಲೆ ಎಂದಿನ ಕೆಲಸ. ಅಪ್ಪನ ಕೆಳಗೆ ಸದಾ ಒಂದು ಚಾದರ ಹಾಸಿರುತ್ತಿತ್ತು. ಸಣ್ಣವ ತಲೆಯ ಕಡೆಯ ಎರಡು ಮೂಲೆ ಹಿಡಿಯಬೇಕು, ಅಕ್ಕ ಕಾಲ ಕಡೆಯ ಎರಡು ಮೂಲೆ. ಕುರ್ಚಿಯಿಂದ ಎತ್ತಿ ಮಂಚಕ್ಕೆ. ಬೆಳಿಗ್ಗೆ ಏಳಕ್ಕೆ ಮಂಚದಿಂದ ಕುರ್ಚಿಗೆ, ಸಂಜೆ ಏಳೂವರೆಗೆ ಕುರ್ಚಿಯಿಂದ ಮಂಚಕ್ಕೆ. ಏಳು ವರ್ಷದಲ್ಲಿ ಒಂದು ದಿನ ತಪ್ಪಿದ್ದಿಲ್ಲ. ಅಮ್ಮನಿಗೆ ಆ ಕೆಲಸ ಆಗದು. ಅಂಗಡಿಯ ಅಂಗಿಗಳಿಗೆ ಕಾಜಾ ಗುಂಡಿ ಹಾಕಿ ಹಾಕಿ ಅವಳ ಬೆನ್ನು ಬಿಲ್ಲಾಗಿತ್ತು, ಡಾಕ್ಟರು ಒಂದು ಬಕೆಟ್ ನೀರೂ ಎತ್ತಬೇಡ ಅಂದಿದ್ದರು.

"ಒಂದು, ಎರಡು, ಹೂಂ," ಅಂದಳು ಅಕ್ಕ. ಅಪ್ಪ ಮಂಚಕ್ಕೆ ಬಂದ.

ನಾಲ್ವರ ಕಣ್ಣೂ ಚಾದರದ ಕಾಲ ಕಡೆಯ ತುದಿಯ ಮೇಲಿತ್ತು.

ಮರುದಿನದಿಂದ ಮನೆಯಲ್ಲಿ ಚಹಾ ಕುಡಿದರೂ ಜಪಾನು, ಕಸ ಗುಡಿಸಿದರೂ ಜಪಾನು. ಟೈರ್ ಅಂಗಡಿಯ ಮೇಲಿನ ಟ್ಯೂಷನ್ ಕೇಂದ್ರದಲ್ಲಿ ಐದು ವರ್ಷದಿಂದ ಗಂಟಲು ಹರಿದುಕೊಳ್ಳುತ್ತಿದ್ದ ಅಕ್ಕ ಪೆನ್ಸಿಲು ಹಿಡಿದು ಕರಾರನ್ನು ಗೀರತೊಡಗಿದಳು. ಎಲ್ಲಿಗೆ ಹಾಕಿದರೆ ಅಲ್ಲಿಗೆ ಹೋಗಬೇಕು. ಕಂಪನಿಯೇ ಕೋಣೆ ಕೊಡುತ್ತದೆ, ಬಾಡಿಗೆ ಸಂಬಳದಲ್ಲೇ ಮುರಿದುಕೊಳ್ಳುತ್ತದೆ. ವರ್ಷ ತುಂಬುವ ಮೊದಲು ಬಿಟ್ಟು ಬಂದರೆ ತರಬೇತಿಯ ಖರ್ಚು ತುಂಬಿಕೊಡಬೇಕು. ಮೊದಲ ವರ್ಷ ಊರಿಗೆ ಬರುವ ಹಾಗಿಲ್ಲ.

"ಯಾರಾದ್ರೂ ಸತ್ರೆ?" ಅಂದಳು ಅಮ್ಮ ಗುಂಡಿ ಹೊಲಿಯುತ್ತ.

"ಮೂರು ದಿನ ರಜೆ ಅಂತ ಬರೆದಿದೆ."

"ಹೋಗೋಕೊಂದು ದಿನ, ಬರೋಕೊಂದು ದಿನ. ಅಳೋಕೆ ಒಂದು ದಿನ. ಲೆಕ್ಕ ಚೆನ್ನಾಗಿದೆ."

"ನಾನು ಅಷ್ಟು ಬೇಗ ಸಾಯಲ್ಲ ಕಣೇ," ಅಂದ ಅಪ್ಪ. "ಅವಳು ಹೋಗ್ಲಿ. ಹೋಗಬೇಕು. ಇಲ್ಲಿ ಆ ಟೈರ್ ವಾಸನೇಲಿ ಕೂತು ಏನು ಮಾಡ್ತಾಳೆ?"

"ಎತ್ತು ಕರು ಹಾಕ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋರು ನೀವು. ಹೋಗ್ಲಿ ಅಂತೀರಲ್ಲ, ನಿಮ್ಮನ್ನ ಎತ್ತೋರು ಯಾರು ರೀ?"

"ಜನ ಇಡೋಣ," ಅಂದ ಸಣ್ಣವ. "ಕೆಳಗಿನ ಮನೆ ವಾರ್ಡ್‌ಬಾಯ್ ಇದ್ದಾರಲ್ಲ, ಬೆಳಿಗ್ಗೆ ಸಂಜೆ ಬಂದು ಹೋಗ್ಲಿ. ಅಕ್ಕನ ಸಂಬಳದಲ್ಲಿ ಅವರಿಗೆ ಕೊಟ್ರೆ ಆಯ್ತು."

ಅಪ್ಪನ ಮುಖ ಸುಣ್ಣದ ಗೋಡೆಯಾಯಿತು. "ಹೊರಗಿನವನ ಕೈ ನನ್ನ ಮೈ ಮುಟ್ಟೋದು ಬೇಡ. ಆಸ್ಪತ್ರೇಲಿ ಒಂದು ತಿಂಗಳು ನೋಡಿದೀನಿ. ಮಕ್ಕಳ ಕೈಲಿ ನಾನು ಅಪ್ಪ. ಬಾಡಿಗೆ ಕೈಲಿ ನಾನು ಸಿಮೆಂಟ್ ಮೂಟೆ."

"ಅವಳು ಹೋಗ್ಲಿ ಅಂತಾನೂ ನೀನೇ, ಬೇರೆಯವರು ಬೇಡ ಅಂತಾನೂ ನೀನೇ. ಹಾಗಾದ್ರೆ ಅವಳ ಎರಡು ಕೈ ಕತ್ತರಿಸಿ ಇಲ್ಲೇ ಇಟ್ಟು ಹೋಗ್ಬೇಕಾ?" ಅಂದ ಸಣ್ಣವ.

"ನಾಲಿಗೆ ಬಿಗಿ ಹಿಡಿ!" ಅಂದಳು ಅಮ್ಮ.

ಸಣ್ಣವ ನಾಲಿಗೆ ಬಿಗಿ ಹಿಡಿದು ಲಾಂಡ್ರಿಗೆ ಹೋದ. ಅಲ್ಲಿ ಬಿಗಿ ಹಿಡಿಯಲು ಇನ್ನೊಂದು ವಿಷಯ ಕಾದಿತ್ತು. ಹೋಟೆಲಿಗೆ ಹೊಸ ಯಂತ್ರಗಳು ಬರುವುದಿತ್ತು. ಅವನ್ನು ತಯಾರಿಸುವ ಕಾರ್ಖಾನೆ ಇನ್ನೊಂದು ಊರಿನಲ್ಲಿ. ಲಾಂಡ್ರಿಯಿಂದ ಒಬ್ಬನನ್ನು ಐದು ತಿಂಗಳು ಅಲ್ಲಿಗೆ ಕಳಿಸಿ ರಿಪೇರಿ ಕಲಿಸುತ್ತಾರೆ. ಬಂದ ಮೇಲೆ ಅವನು ಮೆಕ್ಯಾನಿಕ್ಕು, ಉರುಳೆಯ ಮುಂದೆ ಬೇಯಬೇಕಾಗಿಲ್ಲ. ಸೂಪರ್‌ವೈಸರ್ ಹದಿನೈದು ದಿನದ ಹಿಂದೆಯೇ ಸಣ್ಣವನ ಭುಜ ತಟ್ಟಿ ಹೇಳಿದ್ದ: "ನಿನ್ನ ಹೆಸರು ಬರೆದಿದೀನಿ. ಯಂತ್ರ ಕೆಮ್ಮಿದ್ರೆ ಅದಕ್ಕೇನಾಗಿದೆ ಅಂತ ನಿನಗೊಬ್ಬನಿಗೇ ಗೊತ್ತಾಗೋದು. ನಿನ್ನ ಪಕ್ಕದ ಉರುಳೆ ಹುಡುಗ ಆ ಕಡ್ಡಿಗೆ ಗೊತ್ತಾಗೋದು ಊಟದ ಬೆಲ್ಲು ಒಂದೇ."

ಸಣ್ಣವ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಮನೆಯಲ್ಲೂ ಬಾಯಿ ಬಿಡಲಿಲ್ಲ. ಬಿಡುವುದೇನು? ಅವನು ಹೋದರೆ ತಲೆಯ ಕಡೆ ಯಾರು? ಅಕ್ಕನ ಜಪಾನು ಹದಿನಾಲ್ಕು ಪುಟದ್ದು, ಊಟದ ಮಧ್ಯೆ ಇಟ್ಟು ನಾಲ್ಕು ಜನ ತೂಗಿದರು. ಅವನ ಕಾರ್ಖಾನೆಯ ಊರು ಬಸ್ಸಿನಲ್ಲಿ ಒಂಬತ್ತು ಗಂಟೆಯ ದಾರಿ. ಅದು ತಕ್ಕಡಿಗೇ ಏರಲಿಲ್ಲ.

"ಏನಂತೀಯೋ?" ಅಂದ ಸೂಪರ್‌ವೈಸರ್ ಮತ್ತೆ.

"ಇನ್ನೊಂದೆರಡು ವಾರ ಕೊಡಿ ಸಾರ್."

"ಎರಡು ವಾರದಲ್ಲಿ ಏನು, ಹೆಣ್ಣು ನೋಡ್ತೀಯಾ?"

ಮೂರನೇ ವಾರದಲ್ಲಿ ಒಂದು ಸಂಜೆ ಐದಕ್ಕೆ, ಅಮ್ಮ ಹೊಲಿದ ಅಂಗಿಗಳನ್ನು ಅಂಗಡಿಗೆ ಕೊಡಲು ಹೋಗಿದ್ದಾಗ, ಅಕ್ಕ ಟ್ಯೂಷನ್ನಿನಲ್ಲಿದ್ದಾಗ, ಅಪ್ಪ ಸಣ್ಣವನನ್ನು ಹತ್ತಿರ ಕರೆದ. "ಬಾಗಿಲು ಹಾಕು. ನೀನೊಬ್ಬನೇ ನನ್ನ ಎತ್ತಿ ನೋಡು."

"ತಲೆ ಕೆಟ್ಟಿದೆಯಾ ನಿನಗೆ?"

"ಲಾಂಡ್ರೀಲಿ ಒದ್ದೆ ಬಟ್ಟೆ ಗಂಟು ಒಬ್ಬನೇ ಹೊರಲ್ವಾ? ನೀನೇ ಹೇಳ್ತಿದ್ದೆ, ಎಂಬತ್ತು ಕೇಜಿ ಅಂತ. ನಾನು ಈಗ ಎಲ್ಲಿ ಅಷ್ಟಿದೀನಿ? ಒಬ್ಬನ ಕೈಲಿ ಆಗುತ್ತೆ ಅಂತ ಅವಳಿಗೆ ತೋರಿಸಿದ್ರೆ, ಅವಳು ಕಣ್ಣು ಮುಚ್ಚಿ ಸಹಿ ಹಾಕ್ತಾಳೆ."

"ಆಮೇಲೆ ನಾನು ಕಣ್ಣು ಮುಚ್ಚಿ ನಿನ್ನ ಹೊರ್ತಾ ಇರ್ಬೇಕು."

ಅಪ್ಪ ಚಾದರದ ಒಂದು ಮೂಲೆ ಎತ್ತಿ ಅವನತ್ತ ಚಾಚಿದ. ಸಣ್ಣವನಿಗೆ ಸಿಟ್ಟು ನೆತ್ತಿಗೇರಿತು, ಆದರೂ ಚಾದರ ಎಳೆದ. ಲಾಂಡ್ರಿಯ ವಿದ್ಯೆ ಗೊತ್ತಿದ್ದದ್ದೇ: ಎದುರುಬದುರು ಮೂಲೆಗಳನ್ನು ಗಂಟು ಹಾಕಿ, ಗಂಟಿನೊಳಗೆ ಹೆಗಲು ತೂರಿಸಿ, ಮಂಡಿಯಿಂದ ಏಳಬೇಕು. ಎದ್ದ. ಅಪ್ಪ ಎದೆಗೆ ಅಂಟಿಕೊಂಡು ಬಂದ, ಮಗುವಿನ ಹಾಗೆ. ಮಂಚಕ್ಕೆ ಇಳಿಸಿದ, ಮತ್ತೆ ಎತ್ತಿ ಕುರ್ಚಿಗೆ ತಂದ. ಅಮ್ಮ ಬರುವ ಹೊತ್ತಿಗೆ ಇಬ್ಬರೂ ರೇಡಿಯೊ ಕೇಳುತ್ತಿದ್ದರು.

ಹೀಗೆ ನಾಲ್ಕು ಸಂಜೆ ನಡೆಯಿತು. ಐದನೆಯದು ಸೋಮವಾರ, ಗಡುವಿನ ವಾರ. ಮನೆಯ ಹಳೆಯ ಚಾದರ ಗಂಟಿನ ಹತ್ತಿರ ಪಿಸಿಯುತ್ತಿತ್ತು. ಸಣ್ಣವ ಹೋಟೆಲಿನಿಂದ ಒಂದು ಹೊಸದನ್ನು ತಂದ. ಮೂಲೆಯಲ್ಲಿ ಕಾಸಗಲ ಸುಟ್ಟ ಕಲೆಯಿದೆ ಅಂತ ಕೆಲಸದವರಿಗೆ ಬಿಟ್ಟದ್ದು. ಬೆಳ್ಳಗೆ, ದಪ್ಪಗೆ, ಗಂಜಿ ಹಾಕಿ ಇಸ್ತ್ರಿ ಮಾಡಿದ್ದು. ಅಪ್ಪ ಕೈಯಾಡಿಸಿ, "ದೊಡ್ಡ ಮನುಷ್ಯರ ಬಟ್ಟೆ," ಅಂದ. ಗಂಟು ಹಾಕುವಾಗ ಸಣ್ಣವನಿಗೆ ಹೊಳೆಯಬೇಕಿತ್ತು. ಲಾಂಡ್ರಿಯಲ್ಲಿ ಅವನು ಹೊರುತ್ತಿದ್ದದ್ದು ಒದ್ದೆ ಬಟ್ಟೆ. ಒದ್ದೆ ಬಟ್ಟೆಯ ಗಂಟು ಭಾರ ಬಿದ್ದಷ್ಟೂ ಕಚ್ಚುತ್ತದೆ. ಗಂಜಿ ಹಾಕಿದ ಒಣ ಚಾದರದ ಗಂಟು ಕಚ್ಚುವುದಿಲ್ಲ, ಜಾರುತ್ತದೆ. ಏಳು ವರ್ಷ ಚಾದರದ ಅನ್ನ ತಿಂದವನಿಗೆ ಅದು ತಿಳಿದದ್ದು ಅಪ್ಪ ನೆಲಕ್ಕೆ ಬಿದ್ದ ಮೇಲೆ.

ಬೀಳುವಾಗ ಎಡಗಡೆಯ ಪಕ್ಕೆಲುಬು ಮಂಚದ ಕಬ್ಬಿಣಕ್ಕೆ ಬಡಿಯಿತು. ಅಪ್ಪ ಕೂಗಲಿಲ್ಲ. ನೆಲದ ಮೇಲೆ ಮಲಗಿಕೊಂಡೇ ಬೆರಳೆತ್ತಿದ.

"ಬಾಯಿ ಮುಚ್ಚು. ಶುಕ್ರವಾರದ ತನಕ ಮುಚ್ಚು."

"ಡಾಕ್ಟರ್‌ನ ಕರೀತೀನಿ."

"ಕರೆದ್ರೆ ಅವಳು ಇಲ್ಲೇ ಕೂರ್ತಾಳೆ. ಟೈರ್ ಅಂಗಡಿ ಮೇಲೆ. ಮುದುಕಿ ಆಗೋ ತನಕ. ಶುಕ್ರವಾರ ಆಗ್ಲಿ, ಆಮೇಲೆ ಯಮನನ್ನ ಬೇಕಾದ್ರೂ ಕರಿ."

ಸಣ್ಣವ ಕಂಕುಳಿಗೆ ಕೈಹಾಕಿ ಹೇಗೋ ಎಳೆದು ಕುರ್ಚಿಗೆ ಕೂರಿಸಿದ. ಅವತ್ತು ತಟ್ಟೆಯ ಅನ್ನ ಅರ್ಧಕ್ಕೇ ಬಿಟ್ಟ. ಬಾಯಿ ಬಿಟ್ಟರೆ ಅಕ್ಕ ಇಲ್ಲೇ, ಮುಚ್ಚಿದರೆ ಅಕ್ಕ ಅಲ್ಲಿ. ಎರಡರಲ್ಲೂ ಸಣ್ಣವ ಇಲ್ಲೇ.

"ಏನೋ, ಊಟ ಸೇರ್ತಿಲ್ವಾ?" ಅಂದಳು ಅಮ್ಮ.

"ಹೋಟೆಲಲ್ಲಿ ತಿಂದೆ."

"ದೊಡ್ಡವರ ಎಂಜಲು ರುಚಿ ಹತ್ತಿದೆ."

ಮಂಗಳವಾರ ರಾತ್ರಿಯವರೆಗೆ ಎತ್ತಿದಾಗಲೆಲ್ಲ ಅಪ್ಪ ಹಲ್ಲು ಕಚ್ಚಿ ನೋವು ನುಂಗಿದ. ಬುಧವಾರ ಬೆಳಿಗ್ಗೆ ಏಳಕ್ಕೆ ಎಂದಿನಂತೆ ಅಕ್ಕ ಕಾಲ ಕಡೆ, ಸಣ್ಣವ ತಲೆಯ ಕಡೆ. ಒಂದು, ಎರಡು. ಎತ್ತಿದರು. ಅಪ್ಪ ಕೆಳದುಟಿ ಕಚ್ಚಿದ. ಕಚ್ಚಿದ ಕಡೆ ರಕ್ತ ಬಂತು. ಅಕ್ಕ ಚಾದರವನ್ನು ಮಂಚಕ್ಕೇ ಮತ್ತೆ ಇಳಿಸಿ, ಬಂದು ಅಂಗಿ ಎತ್ತಿ ನೋಡಿದಳು. ಎಡಗಡೆ ಅಂಗೈ ಅಗಲ ನೇರಳೆಯಾಗಿತ್ತು.

"ಇದೇನು?"

ಇಬ್ಬರೂ ಗೋಡೆ ನೋಡಿದರು.

"ಇದೇನು ಅಂತ ಕೇಳ್ತಾ ಇದೀನಿ!"

"ಕುರ್ಚಿ ತಾಗ್ತು," ಅಂದ ಅಪ್ಪ.

"ನಾನು ಬೀಳಿಸಿದೆ," ಅಂದ ಸಣ್ಣವ. "ಒಬ್ಬನೇ ಎತ್ತೋಕೆ ಹೋಗಿ."

ಅಮ್ಮ ಸೌಟು ಹಿಡಿದುಕೊಂಡೇ ಓಡಿ ಬಂದಳು. ಗಾಯ ನೋಡಿ ಸಣ್ಣವನ ಬೆನ್ನಿಗೆ ಆ ಸೌಟಿನಿಂದಲೇ ಎರಡು ಬಿಟ್ಟಳು. ಆಮೇಲೆ ಮಂಚದ ಅಂಚಿಗೆ ಕೂತು ಉಸಿರು ಬಿಟ್ಟಳು. "ಸರಿ. ತೀರ್ಮಾನ ಆಯ್ತು. ಜಪಾನೂ ಇಲ್ಲ, ಗಿಪಾನೂ ಇಲ್ಲ."

ಅವಳ ದನಿಯಲ್ಲಿ ಇದ್ದದ್ದು ನೆಮ್ಮದಿ. ಅದು ಎಲ್ಲರಿಗೂ ಕೇಳಿಸಿತು.

"ನಿನಗೆ ಇದೇ ಬೇಕಿತ್ತು!" ಸಣ್ಣವ ಸಿಡಿದ. "ನಮ್ಮನ್ನ ಗುಂಡಿ ಹೊಲಿದ ಹಾಗೆ ಈ ಮನೆಗೆ ಹೊಲಿದುಬಿಡು. ದಾರ ಮಾತ್ರ ಗಟ್ಟಿ ಹಾಕು."

"ಹೌದೋ, ಬೇಕಿತ್ತು! ಇವಳು ಅಲ್ಲಿ ಹೋಗಿ ಜ್ವರ ಬಂದು ಮಲಗಿದ್ರೆ ನೀರು ಕೊಡೋರು ಯಾರು? ನಿಮ್ಮಪ್ಪನಿಗೆ ಹೀಗಾದಾಗ ಎಷ್ಟು ಜನ ಬಂದ್ರು? ಲೆಕ್ಕ ಹೇಳು!"

"ಇಬ್ಬರೂ ಸುಮ್ನಿರ್ತೀರಾ?" ಅಕ್ಕ ಅಪ್ಪನ ಅಂಗಿ ಕೆಳಗೆಳೆದಳು. "ನಾಲ್ಕು ವಾರದಿಂದ ಬೇಡ ಅನ್ನೋಕೆ ಒಂದು ಕಾರಣ ಹುಡುಕ್ತಾ ಇದೀನಿ. ಗೊತ್ತಾ ನಿಮಗೆ? ಹೆದರಿಕೆ ಆಗ್ತಿದೆ ನನಗೆ. ಅಲ್ಲಿ ಒಬ್ಬಳೇ, ಆ ಹಾಳು ನಗುಮುಖ ಹಾಕ್ಕೊಂಡು. ಈಗ ಕಾರಣ ಸಿಕ್ತು. ನೇರಳೆ ಬಣ್ಣದ್ದು. ಇನ್ನು ಸಾಯೋ ತನಕ ಹೇಳ್ಕೋಬಹುದು, ಅಪ್ಪನಿಗೋಸ್ಕರ ಬಿಟ್ಟೆ ಅಂತ. ಇವತ್ತೇ ಇಲ್ಲ ಅಂತ ಬರೀತೀನಿ."

"ಬರಿ," ಅಂದ ಸಣ್ಣವ. "ನಾನೂ ಹೇಳ್ಕೋತೀನಿ, ಅಕ್ಕ ಓದಲಿ ಅಂತ ಶಾಲೆ ಬಿಟ್ಟೆ, ಅವಳು ಓದಿ ಟೈರ್ ಕಾವಲಿಗೆ ಕೂತಳು ಅಂತ."

"ನಿನ್ನ ಶಾಲೆ ನನ್ನ ತಲೆಗೆ ಕಟ್ಟಬೇಡ!"

"ಕೆಳಗೆ ಹೋಗು," ಅಂದ ಅಪ್ಪ.

ದನಿ ಸಣ್ಣದಿತ್ತು. ಯಾರಿಗೆ ಹೇಳಿದ್ದೆಂದು ತಿಳಿಯದೆ ಮೂವರೂ ತಿರುಗಿದರು.

"ಸಣ್ಣವನೇ, ಕೆಳಗೆ ಹೋಗು. ಆ ವಾರ್ಡ್‌ಬಾಯ್‌ನ ಕರ್ಕೊಂಡು ಬಾ." ಅಪ್ಪ ಕಣ್ಣು ಮುಚ್ಚಿಕೊಂಡಿದ್ದ. "ಮೂಟೆ ಅಂದ್ರೆ ಮೂಟೆ. ಬರ್ಲಿ."

ವಾರ್ಡ್‌ಬಾಯ್ ಅನ್ನುವುದು ಹೆಸರಿಗೆ. ವಯಸ್ಸು ಐವತ್ತು ದಾಟಿತ್ತು. ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಂದ. ಪಕ್ಕೆ ಒತ್ತಿ ನೋಡಿ, ಮುರಿದಿಲ್ಲ, ಬಿರುಕು ಇರಬಹುದು, ಎಕ್ಸ್‌ರೇ ಫೋಟೊ ತೆಗೆಸಿ ಅಂದ. ಅಪ್ಪನ ಮೈಗೆ ಕೈ ಹಾಕುವ ಮೊದಲು, "ಯಜಮಾನ್ರೇ, ಎತ್ತಲಾ?" ಅಂತ ಕೇಳಿದ. ಅಪ್ಪ ಕಣ್ಣು ತೆರೆದ. ಅವನನ್ನು ಹಾಗೆ ಯಾರೂ ಕೇಳಿ ಎಷ್ಟೋ ವರ್ಷವಾಗಿತ್ತು. ಮಕ್ಕಳು ಕೂಡ.

"ಎತ್ತು," ಅಂದ.

ಅಕ್ಕ ಕಾಲ ಕಡೆಯ ಮೂಲೆಗಳನ್ನು ಅವನ ಕೈಗೆ ಕೊಟ್ಟು ಹಿಂದೆ ಸರಿದಳು. ಅಪ್ಪ ಕುರ್ಚಿಗೆ ಹೋದ, ಹೂವು ಇಟ್ಟ ಹಾಗೆ.

"ನಾನೊಬ್ಬನೇ ಬಂದ್ರೆ ಆಗಲ್ಲ," ಅಂದ ಅವನು ಟವೆಲಿನಿಂದ ಕೈ ಒರೆಸಿಕೊಳ್ಳುತ್ತ. "ಈ ಕೆಲಸಕ್ಕೆ ಇಬ್ಬರು ಬೇಕೇ ಬೇಕು. ಆದ್ರೆ ನಿಮ್ಮ ಹುಡುಗ ಇದ್ದಾನಲ್ಲ. ಪಳಗಿದ ಕೈ. ಇವನಿದ್ರೆ ನನಗೇನು ಯೋಚನೆ ಇಲ್ಲ."

"ಇವನೆಲ್ಲಿ ಹೋಗ್ತಾನೆ," ಅಂದ ಅಪ್ಪ.

ಎಲ್ಲರೂ ನಕ್ಕರು. ಅಮ್ಮನೂ ಕಣ್ಣೊರೆಸಿಕೊಂಡು ನಕ್ಕು ಚಹಾಕ್ಕೆ ನೀರಿಟ್ಟಳು. ಸಣ್ಣವನ ಬೆನ್ನ ಮೇಲೆ ಸೌಟಿನ ಎಣ್ಣೆ ಇನ್ನೂ ಹಾಗೇ ಇತ್ತು.

ಗುರುವಾರ ಫೋಟೊ ತೆಗೆಸಿದರು, ಬಿರುಕು ಇರಲಿಲ್ಲ. ಅಂದಿನಿಂದ ವಾರ್ಡ್‌ಬಾಯ್ ಬೆಳಿಗ್ಗೆ ಸಂಜೆ ಬರತೊಡಗಿದ. ಶುಕ್ರವಾರ ಹನ್ನೊಂದು ಗಂಟೆಗೆ ಅಕ್ಕ ಜೆರಾಕ್ಸ್ ಅಂಗಡಿಯಿಂದ ಹದಿನಾಲ್ಕು ಪುಟವನ್ನೂ ಸಹಿ ಹಾಕಿ ಕಳಿಸಿ ಬಂದಳು. ಅಮ್ಮ ಎರಡು ಹೊತ್ತು ಊಟ ಬಿಟ್ಟಳು, ಮೂರನೇ ಹೊತ್ತಿಗೆ ಅಕ್ಕನಿಗೆ ದಪ್ಪ ಸ್ವೆಟರ್ ಎಲ್ಲಿ ಸಿಗುತ್ತದೆಂದು ವಿಚಾರಿಸತೊಡಗಿದಳು.

ಸೋಮವಾರ ಸಣ್ಣವ ಉರುಳೆಯ ಸದ್ದಿನಲ್ಲೇ ಸೂಪರ್‌ವೈಸರ್‌ಗೆ ಕೂಗಿ ಹೇಳಿದ. "ನನ್ನ ಹೆಸರು ತೆಗೀರಿ ಸಾರ್."

"ಯಾಕೋ?"

"ಮನೇಲಿ ಕೆಲಸ ಇದೆ."

"ಐದು ತಿಂಗಳು ಬಿಡದಷ್ಟು ಏನೋ ಅದು ಕೆಲಸ?"

"ಚಾದರ ಹಿಡಿಯೋದು."

"ಇಲ್ಲೂ ಅದೇ, ಅಲ್ಲೂ ಅದೇನಾ? ನಿನ್ನ ಹಣೆಬರಹ!" ಅಂದು ಅವನು ಕಿವಿಯ ಸಂದಿನಿಂದ ಪೆನ್ನು ತೆಗೆದು ಗೀಟು ಹಾಕಿದ. ಕಡ್ಡಿಯ ಹೆಸರು ಬರೆದುಕೊಂಡ.

ಕಡ್ಡಿ ಒಳ್ಳೆಯವನು. ಅದೇ ಸಂಕಟ. ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ಪಕ್ಕಕ್ಕೆ ಬಂದು ಕೂತ. "ಅಲ್ಲಿ ಪುಸ್ತಕ ಎಲ್ಲ ಇಂಗ್ಲಿಷಲ್ಲಂತೆ ಕಣೋ. ನನಗೋ ಎ ಬಿ ಸಿ ಆದ್ಮೇಲೆ ಎದೆ ನಡುಗುತ್ತೆ. ನಿಮ್ಮಕ್ಕ ಹೊರಡೋ ಮುಂಚೆ ನಾಲ್ಕು ದಿನ ಹೇಳಿಕೊಡ್ತಾರಾ? ಕೇಳೋ, ನಿನ್ನ ಕಾಲಿಗೆ ಬೀಳ್ತೀನಿ."

"ಬೀಳಬೇಡ. ಭಾನುವಾರ ಸಂಜೆ ಬಾ."

ಭಾನುವಾರ ಕಡ್ಡಿ ತಲೆಗೆ ಎಣ್ಣೆ ಹಚ್ಚಿಕೊಂಡು ಬಂದ. ಅಕ್ಕ ಅವನನ್ನು ಅಪ್ಪನ ಕುರ್ಚಿಯ ಎದುರು ಕೂರಿಸಿ ವಾಲ್ವು, ಪ್ರೆಷರು, ಬೆಲ್ಟು ಅಂತ ಒಂದೊಂದನ್ನೂ ಬರೆಸಿದಳು. ಓದುವಾಗ ಕಡ್ಡಿ ತಡವರಿಸಿದ. ವಾಲ್ವು ಎಲ್ಲಿರುತ್ತದೆ, ಯಾವ ಕಡೆ ತಿರುಗಿಸಬೇಕು ಅಂತ ಸಣ್ಣವ ಬಾಗಿಲಿಗೆ ಒರಗಿ ನಿಂತು ಹೇಳಿಕೊಟ್ಟ. ಏಳೂವರೆಗೆ ಸ್ವಲ್ಪ ಮುಂಚೆ ಕಡ್ಡಿ ಎರಡು ಲೋಟ ಚಹಾ ಕುಡಿದು, ಅಮ್ಮನಿಗೆ ಕೈ ಮುಗಿದು, ಮೆಟ್ಟಿಲಿಳಿದು ಹೋದ.

"ಹುಡುಗ ಸ್ವಲ್ಪ ಮಂದ," ಅಂದಳು ಅಕ್ಕ ಪುಸ್ತಕ ಮುಚ್ಚುತ್ತ. "ಯಂತ್ರದ ವಿಷಯ ಎಲ್ಲ ನಿನಗೇ ಗೊತ್ತು. ಮತ್ತೆ ಅವನನ್ನ ಹೇಗೆ ಆರಿಸಿದ್ರು? ನಿನ್ನ ಯಾಕೆ ಆರಿಸಲಿಲ್ಲ?"

ಸಣ್ಣವ ಲೋಟಗಳನ್ನು ಎತ್ತಿಕೊಂಡ. ಕುರ್ಚಿಯಲ್ಲಿ ಅಪ್ಪ ತೂಕಡಿಸುತ್ತಿದ್ದ, ಅಥವಾ ತೂಕಡಿಸುವ ಹಾಗೆ ಕೂತಿದ್ದ.

"ಹತ್ತನೇ ಕ್ಲಾಸು ಆಗಿರಬೇಕಂತೆ," ಅಂದ.

"ನೋಡು. ಅವತ್ತೇ ಬಡ್ಕೊಂಡೆ, ಹತ್ತನೇದೊಂದು ಮುಗಿಸೋ ಅಂತ. ಕೇಳಿದ್ಯಾ ನೀನು?"

"ಇಲ್ಲ."

"ಈಗ್ಲೂ ಏನು ಕೊಳ್ಳೆ ಹೋಗಿಲ್ಲ." ಅಕ್ಕ ಬ್ಯಾಗಿನಿಂದ ಒಂದು ಚೀಟಿ ತೆಗೆದಳು. ಮುಖದಲ್ಲಿ ನಿಜವಾದ ಉತ್ಸಾಹವಿತ್ತು. ಜಪಾನಿನ ಪತ್ರ ಬಂದ ಮೇಲೆ ಮೊದಲ ಸಲ. "ನಮ್ಮ ಟ್ಯೂಷನ್ ಹತ್ರಾನೇ ಸಂಜೆ ಶಾಲೆ ಇದೆ. ಕೆಲಸಕ್ಕೆ ಹೋಗೋರಿಗೆ. ನಿನ್ನ ಹೆಸರು ಕೊಟ್ಟು ಬಂದಿದೀನಿ. ಫೀಸು ನಾನು ಅಲ್ಲಿಂದ ಕಳಿಸ್ತೀನಿ. ದಿನಾ ಆರೂವರೆಯಿಂದ ಎಂಟೂವರೆ, ಅಷ್ಟೇ. ನಿನಗೆ ಏನಡ್ಡಿ?"

ಮೆಟ್ಟಿಲಿನಲ್ಲಿ ಚಪ್ಪಲಿಯ ಸದ್ದಾಯಿತು. ಬಾಗಿಲಲ್ಲಿ ವಾರ್ಡ್‌ಬಾಯ್ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. "ಏಳೂವರೆ ಆಯ್ತಪ್ಪಾ. ಬಾ, ಹಿಡಿ."

ಅಕ್ಕ ಅವನನ್ನು ನೋಡಿದಳು, ಗಡಿಯಾರ ನೋಡಿದಳು. ಚೀಟಿ ಚಾಚಿದ ಕೈ ಹಾಗೇ ನಿಂತಿತು.

"ಅಲ್ಲಿಡು," ಅಂದ ಸಣ್ಣವ. "ಕೈ ತೊಳ್ಕೊಂಡು ಬರ್ತೀನಿ."